ಇಂಟ್‌ಗೆ ಲಿಂಕ್ ಆಗುತ್ತೆ, ಡಬಲ್‌ಗೆ ಆಗಲ್ಲ, ಓ2 ಹಾಕಿದ್ರೆ ಎರಡೂ ಆಗಲ್ಲ!

ಪ್ರಶ್ನೆ: ಮೇಡಂ ನಮಸ್ತೆ, ಎರಡು ದಿನದಿಂದ ತಲೆ ಕೆಟ್ಟೋಗಿದೆ. ಸಿ++ನಲ್ಲಿ ಸರಾಸರಿ ಅಂತ ಒಂದು ಟೆಂಪ್ಲೇಟ್ ಫಂಕ್ಷನ್ (ಒಂದೇ ಕೋಡ್, ಬೇರೆ ಬೇರೆ ಟೈಪಿಗೆ) ಬರ್ದಿದೀನಿ, ವೆಕ್ಟರ್ ತಗೊಂಡು ಆವರೇಜ್ ಕೊಡುತ್ತೆ ಅಷ್ಟೇ, ನಾಲ್ಕು ಲೈನು. ಡಿಕ್ಲರೇಶನ್ ಹೆಡರ್‌ನಲ್ಲಿ, ಬಾಡಿ ಸರಾಸರಿ.ಸಿಪಿಪಿನಲ್ಲಿ, ಕಾಲೇಜಲ್ಲಿ ಹೇಳ್ಕೊಟ್ಟ ಹಾಗೇ. ಮೇನ್‌ನಿಂದ ಇಂಟ್ ವೆಕ್ಟರ್ ಕೊಟ್ರೆ ಓಡುತ್ತೆ, ಡಬಲ್ ಕೊಟ್ರೆ ಕಂಪೈಲ್ ಎಲ್ಲಾ ಆಗಿ ಕೊನೇಲಿ ಫೈಲುಗಳನ್ನ ಜೋಡಿಸೋ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಅಂತ ಬೈಯುತ್ತೆ. ಫೈಲು ಲಿಂಕ್ ಲೈನಲ್ಲಿ ಇದೆ, ಮೂರು ಸಲ ನೋಡಿದೆ. ಇನ್ನೂ ವಿಚಿತ್ರ ಏನಂದ್ರೆ ಓ2 (ಕೋಡ್ ವೇಗ ಮಾಡೋ ಆಪ್ಟಿಮೈಸೇಶನ್ ಆಯ್ಕೆ) ಹಾಕಿ ಬಿಲ್ಡ್ ಮಾಡಿದ್ರೆ ಇಂಟ್ ಕೂಡ ಕೈ ಕೊಡುತ್ತೆ. ಜಿಸಿಸಿ ಕಂಪೈಲರ್, ಉಬುಂಟು. ಕಂಪೈಲರ್ ಬಗ್ ಇರಬಹುದಾ?

ಉತ್ತರ: ಬಗ್ ಅಲ್ಲ ಕಣ್ರೀ. ಮೊದ್ಲು ಇದು ಹೇಳಿ, ಸರಾಸರಿ.ಸಿಪಿಪಿ ಒಳಗೇ ಎಲ್ಲಾದ್ರೂ ಇಂಟ್ ವೆಕ್ಟರ್ ಹಾಕಿ ಆ ಫಂಕ್ಷನ್ ಕರೆದಿದೀರಾ?

ಪ್ರಶ್ನೆ ಕೇಳಿದವರು: ಹೌದು ಮೇಡಂ, ಕೆಳಗೆ ಒಂದು ಸಣ್ಣ ಟೆಸ್ಟ್ ಫಂಕ್ಷನ್ ಬಿಟ್ಟಿದ್ದೆ. ಹೇಗೆ ಗೊತ್ತಾಯ್ತು??

ಉತ್ತರ: ಇಂಟ್ ಮಾತ್ರ ಓಡ್ತಿದೆ ಅಂದ್ರೆ ಯಾರೋ ಅದನ್ನ ಒತ್ತಿರಲೇಬೇಕು. ಟೆಂಪ್ಲೇಟ್ ಅನ್ನೋದು ಫಂಕ್ಷನ್ ಅಲ್ಲ, ಚಕ್ಕುಲಿ ಒರಳು, ಹಿಟ್ಟು ಹಾಕಿ ಒತ್ತೋವರೆಗೂ ಚಕ್ಕುಲಿ ಇಲ್ಲ. ಒಂದೊಂದು ಸಿಪಿಪಿ ಫೈಲನ್ನೂ ಕಂಪೈಲರ್ ಬೇರೆ ಬೇರೆಯಾಗಿ ನೋಡುತ್ತೆ, ಮೇನ್ ಕಂಪೈಲ್ ಮಾಡುವಾಗ ಅದಕ್ಕೆ ಬಾಡಿ ಕಾಣಲ್ಲ, ಡಿಕ್ಲರೇಶನ್ ಮಾತ್ರ, ಹಾಗಾಗಿ ‘ಬೇರೆ ಕಡೆ ಇರುತ್ತೆ ಬಿಡು’ ಅಂತ ಹೆಸರು ಬರ್ಕೊಂಡು ಮುಂದೆ ಹೋಗುತ್ತೆ. ಸರಾಸರಿ.ಸಿಪಿಪಿಗೆ ಬಾಡಿ ಕಾಣುತ್ತೆ ಆದ್ರೆ ಡಬಲ್ ಬೇಕು ಅಂತ ಅಲ್ಲಿ ಯಾರೂ ಕೇಳಿಲ್ಲ. ಇಂಟ್ ನಿಮ್ಮ ಟೆಸ್ಟ್ ಕೇಳಿತ್ತು, ಮೇನ್ ಅದೇ ಕಾಪಿನಲ್ಲಿ ಪುಕ್ಕಟೆ ಸವಾರಿ ಮಾಡ್ತಿತ್ತು.

ಓ2 ಕಥೆನೂ ಇದೇ. ಫಂಕ್ಷನ್ ಚಿಕ್ಕದು, ಆಪ್ಟಿಮೈಸರ್ ಅದನ್ನ ಟೆಸ್ಟ್ ಒಳಗೇ ಇನ್‌ಲೈನ್ ಮಾಡ್ತು, ಅಂದ್ರೆ ಕರೆಯೋ ಜಾಗಕ್ಕೇ ಬಾಡಿ ಅಂಟಿಸ್ತು, ಬೇರೆ ಕಾಪಿ ಯಾರಿಗೂ ಬೇಡ ಅಂತ ಬಿಸಾಕ್ತು. ಟೆಂಪ್ಲೇಟ್‌ನಿಂದ ತಾನಾಗೇ ಹುಟ್ಟಿದ ಕಾಪಿನ ಹಾಗೆ ಬಿಸಾಕೋ ಹಕ್ಕು ಅದಕ್ಕಿದೆ, ಯಾಕಂದ್ರೆ ಬೇಕಾದ ಫೈಲು ತನ್ನದೇ ಒತ್ಕೊಳ್ಳಬೇಕು ಅನ್ನೋದು ಭಾಷೆಯ ನಿಯಮ. ಡಿಬಗ್‌ನಲ್ಲಿ ಓಡಿದ್ದೇ ಅದೃಷ್ಟ.

ನಂಬಿಕೆ ಬರ್ಲಿಲ್ಲ ಅಂದ್ರೆ ಎರಡೂ ಆಬ್ಜೆಕ್ಟ್ ಫೈಲ್ ಮೇಲೆ ಎನ್‌ಎಂ (ಫೈಲಲ್ಲಿರೋ ಹೆಸರುಗಳ ಪಟ್ಟಿ ತೋರಿಸೋ ಟೂಲ್) ಓಡಿಸಿ, ಮೈನಸ್ ದೊಡ್ಡ ಸಿ ಹಾಕಿ, ಇಲ್ಲಾಂದ್ರೆ ಹೆಸರೆಲ್ಲ ಗೊಜ್ಜಾಗಿ ಕಾಣುತ್ತೆ. ಮೇನ್‌ನಲ್ಲಿ ಎರಡರ ಮುಂದೂ ದೊಡ್ಡ ಯು ಇರುತ್ತೆ, ಅಂದ್ರೆ ಬೇಕು ಆದ್ರೆ ನನ್ಹತ್ರ ಇಲ್ಲ. ಸರಾಸರಿನಲ್ಲಿ ಇಂಟ್‌ಗೆ ಡಬ್ಲ್ಯು ಇರುತ್ತೆ, ಅದು ವೀಕ್ ಸಿಂಬಲ್, ಅಂದ್ರೆ ಇನ್ನೊಂದು ಕಾಪಿ ಇದ್ರೂ ಜಗಳ ಮಾಡದ ಹೆಸರು, ಓ2ನಲ್ಲಿ ಆ ಸಾಲೇ ಮಾಯ. ನಾನಂತೂ ಲಿಂಕರ್ ಎರರ್ ಬಂದ್ರೆ ಗೂಗಲ್‌ಗಿಂತ ಮೊದ್ಲು ಇದನ್ನೇ ನೋಡೋದು.

ಪರಿಹಾರ, ಬಾಡಿ ಹೆಡರ್‌ಗೆ ಹಾಕಿ, ಮುಗೀತು. ಇಲ್ಲ, ನಂಗೆ ಇಂಟ್ ಡಬಲ್ ಎರಡೇ ಸಾಕು ಅಂದ್ರೆ ಸರಾಸರಿ.ಸಿಪಿಪಿ ಕೊನೇಲಿ ಎಕ್ಸ್‌ಪ್ಲಿಸಿಟ್ ಇನ್‌ಸ್ಟಾನ್ಶಿಯೇಶನ್ (ಈ ಟೈಪಿಗೆ ಒತ್ತಿಡು ಅಂತ ನೇರವಾಗಿ ಹೇಳೋದು) ಬರೀರಿ, ಟೈಪಿಗೊಂದು ಸಾಲು. ಅಲ್ಲಿ ಟೆಂಪ್ಲೇಟ್ ಅನ್ನೋ ಪದದ ಪಕ್ಕ ಖಾಲಿ ಕೋನ ಬ್ರಾಕೆಟ್ ಹಾಕ್ಬೇಡಿ, ಹಾಕಿದ್ರೆ ಅದು ಸ್ಪೆಶಲೈಸೇಶನ್ (ಆ ಒಂದು ಟೈಪಿಗೆ ಮಾತ್ರ ಬೇರೆ ವರ್ಶನ್) ಆಗುತ್ತೆ, ಬರೀ ಡಿಕ್ಲರೇಶನ್ ಆಗಿ ಉಳಿಯುತ್ತೆ, ಎರರ್ ಹಾಗೇ ಇರುತ್ತೆ. ಈ ಬ್ರಾಕೆಟ್‌ಗೆ ನಾನೇ ಒಂದು ಮಧ್ಯಾಹ್ನ ಕಳ್ಕೊಂಡಿದೀನಿ.

ಮತ್ತೊಬ್ಬರು: ಮೇಡಂ, ಎಕ್ಸ್‌ಪೋರ್ಟ್ ಅಂತ ಒಂದು ಕೀವರ್ಡ್ ಹೀಗೆ ಬಾಡಿನ ಬೇರೆ ಫೈಲಲ್ಲಿ ಇಡೋಕೇ ಇತ್ತಲ್ವಾ?

ಉತ್ತರ: ಇತ್ತು, 1998ರ ಸ್ಟ್ಯಾಂಡರ್ಡ್‌ನಲ್ಲಿ. ಜಿಸಿಸಿನೂ ಮಾಡ್ಲಿಲ್ಲ, ಮೈಕ್ರೋಸಾಫ್ಟೂ ಮಾಡ್ಲಿಲ್ಲ, ಇಡಿಜಿ ಅನ್ನೋ ಕಂಪೈಲರ್ ಕಂಪನಿಯವರು ಕಷ್ಟಪಟ್ಟು ಮಾಡಿದ್ರು, ಅವರ ಅನುಭವ ನೋಡಿ ‘ಬೇಡಪ್ಪ ಇದು’ ಅನ್ನೋ ತರ ವರದಿ ಬಂತು, ಸಿ++11ನಲ್ಲಿ ತೆಗೆದ್ರು. ಆ ಪದ ಸಿ++20ರಲ್ಲಿ ಮಾಡ್ಯೂಲ್‌ಗೆ ಬಂದಿದೆ, ಅದು ಬೇರೆ ವಿಷಯ.

ಇನ್ನೊಬ್ಬರು: ನಂದು ಉಲ್ಟಾ. ಹೆಡರ್‌ಗೇ ಹಾಕಿದೀನಿ, ಈಗ ‘ಮಲ್ಟಿಪಲ್ ಡೆಫಿನಿಶನ್’ ಬರ್ತಿದೆ, ವಿಂಡೋಸ್‌ನಲ್ಲಿ ಎಲ್‌ಎನ್‌ಕೆ2005. ಸ್ಟ್ರಿಂಗ್‌ಗೆ ಮಾತ್ರ ಬೇರೆ ವರ್ಶನ್ ಬರ್ದಿದ್ದೆ.

ಉತ್ತರ: ಆ ಸ್ಟ್ರಿಂಗ್ ವರ್ಶನ್ನೇ ಕಳ್ಳ. ಫುಲ್ ಸ್ಪೆಶಲೈಸೇಶನ್‌ನಲ್ಲಿ ತುಂಬೋಕೆ ಟೈಪ್ ಏನೂ ಉಳಿದಿಲ್ಲ, ಅದು ಮಾಮೂಲಿ ಫಂಕ್ಷನ್, ಹಲವು ಫೈಲಲ್ಲಿ ಬಾಡಿ ಬಂದ್ರೂ ಪರವಾಗಿಲ್ಲ ಅಂತ ಟೆಂಪ್ಲೇಟ್‌ಗಿರೋ ರಿಯಾಯಿತಿ ಅದಕ್ಕಿಲ್ಲ. ಮುಂದೆ ಇನ್‌ಲೈನ್ ಅಂತ ಸೇರಿಸಿ, ಅಥವಾ ಬಾಡಿನ ಸಿಪಿಪಿಗೆ ಕಳ್ಸಿ ಹೆಡರ್‌ನಲ್ಲಿ ಡಿಕ್ಲರೇಶನ್ ಮಾತ್ರ ಬಿಡಿ.

ಪ್ರಶ್ನೆ ಕೇಳಿದವರು: ಮೇಡಂ, ಟೆಸ್ಟ್ ಫಂಕ್ಷನ್ ಅಳಿಸಿ ನೋಡಿದೆ, ಓ0ನಲ್ಲೂ (ಆಪ್ಟಿಮೈಸೇಶನ್ ಇಲ್ದೆ) ಇಂಟ್ ಹೋಯ್ತು 😄 ಎರಡು ಸಾಲು ಸೇರಿಸಿದೆ, ಓ2ನಲ್ಲೂ ಲಿಂಕ್ ಆಯ್ತು. ಆಮೇಲೆ ಫ್ಲೋಟ್ ಕೊಟ್ಟೆ, ಮತ್ತೆ ಅದೇ ಎರರ್.

ಉತ್ತರ: ಬರಲೇಬೇಕು, ಫ್ಲೋಟ್ ಒತ್ತಿಲ್ವಲ್ಲ. ಟೈಪು ಹೀಗೇ ಬೆಳೀತಾ ಹೋಗೋದಾದ್ರೆ ಸುಮ್ನೆ ಹೆಡರ್‌ಗೆ ಹಾಕ್ಬಿಡಿ.