ವಿಂಡೋಸ್ ಇಲ್ಲದೆ ಹಾಡು ಕೇಳಿಸುವ ಮದರ್‌ಬೋರ್ಡ್: ಅಪ್ಪನ ಸೀಡಿಗಳಿಗೆ ಆಗುತ್ತದಾ?

ಗುತ್ತಲು ರಸ್ತೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 76 ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಗಮಕ ಅಂದ್ರೆ ಪ್ರಾಣ. ಅವರ ಹತ್ರ 42 ಸೀಡಿ ಇವೆ. ಒಂದೊಂದರ ಕವರ್ ಮೇಲೂ ನೀಲಿ ಇಂಕಿನಲ್ಲಿ ಯಾವ ಸಂಧಿ, ವಾಚನ ಯಾರದು, ವ್ಯಾಖ್ಯಾನ ಯಾರದು, ಎಷ್ಟನೇ ಹಾಡಿನಲ್ಲಿ ಯಾವ ರಾಗ ಅಂತ ಬರೆದಿಟ್ಟಿದ್ದಾರೆ. ಕೆಲವು ಕಡೆ ಪಕ್ಕದಲ್ಲಿ ಸಣ್ಣದಾಗಿ "ಇಲ್ಲಿ ಕಣ್ಣಲ್ಲಿ ನೀರು" ಅಂತಲೂ ಇದೆ.

ಮನೆಯ ಸೀಡಿ ಪ್ಲೇಯರ್ ಕೆಟ್ಟು ಎರಡು ವರ್ಷ ಆಯ್ತು. ಆಮೇಲೆ ಸ್ನೇಹಿತನೊಬ್ಬ ಸೈಬರ್ ಸೆಂಟರ್ ಮುಚ್ಚುವಾಗ ಕೊಟ್ಟ ಹಳೇ ಕಂಪ್ಯೂಟರಿನಲ್ಲೇ ಕೇಳಿಸುತ್ತಿದ್ದೆ. ಅದು ಆನ್ ಆಗಿ ವಿಂಡೋಸ್ ಬಂದು ಹಾಡು ಶುರುವಾಗಲು 2 ನಿಮಿಷ 40 ಸೆಕೆಂಡ್. ಮೊಬೈಲ್ ಇಟ್ಟುಕೊಂಡು ನೋಡಿದ್ದೇನೆ. ಅಷ್ಟರಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಅಪ್ಪನ ಕೈ ನಡುಗುತ್ತದೆ, ಮೌಸಿನಲ್ಲಿ ಡಬಲ್ ಕ್ಲಿಕ್ ಮಾಡಲು ಆಗುವುದಿಲ್ಲ. ನಾನು ಕೆಲಸದಿಂದ ಬರುವುದು ಏಳು ಗಂಟೆಗೆ. ಅಲ್ಲಿಯವರೆಗೆ ಬೇಕಾದ ಸೀಡಿ ತೆಗೆದು ಮೇಜಿನ ಮೇಲಿಟ್ಟು ಸುಮ್ನೆ ಕೂತಿರುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೋದ ವಾರ ಹಾರ್ಡ್‌ಡಿಸ್ಕೂ ಹೋಯಿತು. ಮೈಸೂರಿನ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಬಿಚ್ಚಿಯೂ ನೋಡಲಿಲ್ಲ. ಗುಜರಿಗೆ ಹಾಕಿ, 28 ಸಾವಿರಕ್ಕೆ ಹೊಸದು ತಗೊಳ್ಳಿ ಅಂದರು. ಮನೆಗೆ ಬಂದು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು. "ರೇಡಿಯೋ ಕಿವಿ ತಿರುವಿದರೆ ಹಾಡುತ್ತಲ್ಲಪ್ಪ, ಇದಕ್ಕೆ ಯಾಕೆ ಅಷ್ಟು ಹೊತ್ತು?"

ಈಗ ಪ್ರಶ್ನೆ. ಮದರ್‌ಬೋರ್ಡ್, ಅಂದ್ರೆ ಒಳಗಿನ ಮುಖ್ಯ ಬೋರ್ಡ್, ಅಸೂಸ್ ಕಂಪನಿಯ ಪಿ5ಕ್ಯೂ ಸಾಲಿನದು. ಅದರ ಡಬ್ಬ ಇನ್ನೂ ಇದೆ. ಮೇಲೆ 'ಎಕ್ಸ್‌ಪ್ರೆಸ್ ಗೇಟ್' ಅಂತ ಇದೆ, ವಿಂಡೋಸಿನಂಥ ಆಪರೇಟಿಂಗ್ ಸಿಸ್ಟಮ್ ಇಲ್ಲದೆ ಕೆಲವೇ ಸೆಕೆಂಡಿನಲ್ಲಿ ಶುರುವಾಗುತ್ತದಂತೆ. ನಿಜವಾ? ಅದರಿಂದ ಅಪ್ಪನ ಸೀಡಿ ಹಾಡಿಸಬಹುದಾ?

ಒಂಟಿಕೊಪ್ಪಲು

ನಿಮ್ಮ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಇಪ್ಪತ್ತು ವರ್ಷದಿಂದ ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಈ ಬೋರ್ಡ್‌ಗಳು ಹೊಸದಾಗಿ ಬಂದಾಗ ಕೈಯಾರೆ ಕೂರಿಸಿದ್ದೇನೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಎಕ್ಸ್‌ಪ್ರೆಸ್ ಗೇಟ್ ಮೊದಲು ಬಂದದ್ದು 2007ರಲ್ಲಿ, ಅಸೂಸ್‌ನ ಪಿ5ಇ3 ಡೀಲಕ್ಸ್ ಬೋರ್ಡಿನಲ್ಲಿ. ಆಪರೇಟಿಂಗ್ ಸಿಸ್ಟಮ್ ಇಲ್ಲದೆ ಅನ್ನುವುದು ಪೂರ್ತಿ ನಿಜ ಅಲ್ಲ. ಒಳಗೆ ಇರುವುದು ಸ್ಪ್ಲಾಶ್‌ಟಾಪ್ ಅನ್ನುವ ಪುಟ್ಟ ಲಿನಕ್ಸ್, ಅದೂ ಒಂದು ಆಪರೇಟಿಂಗ್ ಸಿಸ್ಟಮ್ಮೇ. ಡಿವೈಸ್‌ವಿಎಂ ಅನ್ನುವ ಕಂಪನಿ ಮಾಡಿದ್ದು. ಆ ಬೋರ್ಡಿನ ಮೇಲೇ ಒಂದು ಫ್ಲ್ಯಾಶ್ ಚಿಪ್ಪಿನಲ್ಲಿ ಅದು ಕೂತಿರುತ್ತಿತ್ತು. ಕಂಪ್ಯೂಟರ್ ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಏಳುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ ಬಯಾಸ್. ಅದು ಹಾರ್ಡ್‌ಡಿಸ್ಕ್ ಹುಡುಕಿಕೊಂಡು ಹೋಗುವ ಮೊದಲೇ ಇದನ್ನು ಎಬ್ಬಿಸುತ್ತದೆ. ಪರದೆ ಮೇಲೆ ಚಿತ್ರಗಳು ಬರುತ್ತವೆ, ಬೇಕಾದ್ದು ಒತ್ತಬೇಕು. ಮೊದಮೊದಲು ಇದ್ದದ್ದು ಬ್ರೌಸರ್ ಮತ್ತು ಸ್ಕೈಪ್, ಅಷ್ಟೇ. ಸ್ಕೈಪೇ 2025ರಲ್ಲಿ ನಿಂತುಹೋಯಿತು. ಆ ಬ್ರೌಸರಿಗೂ ಇವತ್ತಿನ ವೆಬ್‌ಸೈಟ್‌ಗಳು ಬಾಗಿಲು ತೆಗೆಯುವುದಿಲ್ಲ.

ಇನ್ನೊಂದು ವಿಷಯ. ಆಮೇಲೆ ಬಂದ ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಚಿಪ್ಪು ತೆಗೆದು, ಅದನ್ನೇ ಹಾರ್ಡ್‌ಡಿಸ್ಕಿಗೆ ಹಾಕಿಸುತ್ತಿದ್ದರು. ನಿಮ್ಮದು ಅಂಥದ್ದಾದರೆ ಹಾರ್ಡ್‌ಡಿಸ್ಕ್ ಹೋದಾಗಲೇ ಅದೂ ಹೋಯಿತು.

ಸೀಡಿಗೆ ಅಂತಲೇ ಅಸೂಸ್ ಇನ್ನೊಂದು ಮಾಡಿತ್ತು. ಪೆಂಟಿಯಂ 4 ಕಾಲದ ಕೆಲವು ಬೋರ್ಡ್‌ಗಳಲ್ಲಿ 'ಇನ್‌ಸ್ಟಂಟ್ ಮ್ಯೂಸಿಕ್' ಅಂತ ಇತ್ತು. ಬಯಾಸಿನಲ್ಲಿ ಒಮ್ಮೆ ಆನ್ ಮಾಡಿಟ್ಟರೆ ಸಾಕು. ವಿಂಡೋಸ್ ಬೇಡ, ಮಾನಿಟರ್ ಬೇಡ, ಕೀಬೋರ್ಡಿನ ಕೀಲಿ ಒತ್ತಿದರೆ ಆಡಿಯೋ ಸೀಡಿ ಹಾಡುತ್ತಿತ್ತು. ನನಗೆ ತುಂಬಾ ಇಷ್ಟವಾಗಿದ್ದ ಬೋರ್ಡ್ ಅದು. ಆದರೆ ಅದಕ್ಕೆ ಸೀಡಿ ಡ್ರೈವಿನ ಹಿಂದಿನಿಂದ ಬೋರ್ಡಿಗೆ ನಾಲ್ಕು ಪಿನ್ನಿನ ಆಡಿಯೋ ತಂತಿ ಹಾಕಲೇಬೇಕಿತ್ತು.

ಆ ತಂತಿಯಲ್ಲೇ ಗುಟ್ಟಿದೆ. ಆಡಿಯೋ ಸೀಡಿಯಲ್ಲಿ ಧ್ವನಿಯನ್ನು ಕುಗ್ಗಿಸಿ ಇಟ್ಟಿರುವುದಿಲ್ಲ. ಸೆಕೆಂಡಿಗೆ 44,100 ಸಲ ಅಳೆದ ಅಂಕಿಗಳು ಸಾಲಾಗಿ ಇರುತ್ತವೆ. ಅವನ್ನು ಧ್ವನಿಯಾಗಿ ಮಾಡುವ ಚಿಪ್ಪು ಹಳೇ ಸೀಡಿ ಡ್ರೈವಿನ ಹೊಟ್ಟೆಯಲ್ಲೇ ಇದೆ. ಅಂದರೆ ಹಾಡುತ್ತಿದ್ದದ್ದು ಮದರ್‌ಬೋರ್ಡ್ ಅಲ್ಲ, ಡ್ರೈವ್. ಬೋರ್ಡ್ ಬರೀ ಶುರು ಮಾಡು ಅಂತ ಹೇಳುತ್ತಿತ್ತು.

ಹಾಗಾದರೆ ಬೋರ್ಡೇ ಯಾಕೆ ಬೇಕು? ಹಳೇ ಡ್ರೈವುಗಳ ಮುಖ ನೋಡಿ. ಎಡಗಡೆ ಹೆಡ್‌ಫೋನ್ ತೂತು, ಪಕ್ಕದಲ್ಲಿ ಸಣ್ಣ ವಾಲ್ಯೂಮ್ ಚಕ್ರ, ಬಲಗಡೆ ಎರಡು ಗುಂಡಿ. ಒಂದು ಎಜೆಕ್ಟ್, ಇನ್ನೊಂದು ಪ್ಲೇ. ಅಂಥದ್ದು ಸಿಕ್ಕರೆ ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬದಿಂದ, ಬರೀ ಕರೆಂಟ್ ಕೊಡಿ. ಹೆಡ್‌ಫೋನ್ ತೂತಿಗೆ ಕಂಪ್ಯೂಟರ್ ಸ್ಪೀಕರ್ ಹಾಕಿ. ಪ್ಲೇ ಒತ್ತಿದರೆ ಹಾಡುತ್ತದೆ.

ಪಾಂಡವಪುರ ಸ್ಟೇಷನ್

ಇಷ್ಟೆಲ್ಲ ಯಾಕೆ? ಯುಎಸ್‌ಬಿ, ಎಫ್‌ಎಂ, ಬ್ಲೂಟೂತ್ ಮೂರೂ ಇರುವ ಸಣ್ಣ ಪ್ಲೇಯರ್ ಬೋರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ರಿಮೋಟ್ ಸಮೇತ. ಎಂಪಿ3 ಬಿಡಿಸುವ ಚಿಪ್ಪು ಅದರಲ್ಲೇ ಇರುತ್ತದೆ. 42 ಸೀಡಿಯನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ. ನಮ್ಮ ತಾತನಿಗೆ ಹಾಗೇ ಮಾಡಿಕೊಟ್ಟಿದ್ದೇನೆ, ದಿನಾ ಕೇಳುತ್ತಾರೆ.

ಗುತ್ತಲು ರಸ್ತೆ, ಮಂಡ್ಯ

ಪಾಂಡವಪುರದವರೇ, ನಿಮ್ಮ ಸಲಹೆ ಒಳ್ಳೆಯದು. ಸೀಡಿ ಹಾಳಾಗುವ ಮೊದಲು ಪೆನ್‌ಡ್ರೈವಿಗೆ ಹೇಗೂ ಹಾಕಿಡುತ್ತೇನೆ. ಆದರೆ ಅಪ್ಪ ಆ ಕವರ್ ಕೈಯಲ್ಲಿ ಹಿಡಿದು, ತಾವೇ ಬರೆದದ್ದು ಓದಿ, ಆಮೇಲೆ ಸೀಡಿ ತೆಗೆಯುತ್ತಾರೆ. ಅವರಿಗೆ ಕೇಳುವುದು ಶುರುವಾಗುವುದೇ ಅಲ್ಲಿಂದ. ರಿಮೋಟಿನಲ್ಲಿ 187ನೇ ಹಾಡು ಅಂತ ಹುಡುಕುವುದು ಅವರಿಗೆ ಆಗದು.

ಒಂಟಿಕೊಪ್ಪಲು ಅಣ್ಣ, ಓದುತ್ತಾ ಮೈ ಜುಮ್ ಅಂತು. ಎಸ್‌ಎಂಪಿಎಸ್ ಬೋರ್ಡ್ ಇಲ್ಲದೆ ಆನ್ ಆಗುತ್ತದಾ?

ಒಂಟಿಕೊಪ್ಪಲು

ಆಗುತ್ತದೆ. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರ್ ಇದೆಯಲ್ಲ, ಅದರಲ್ಲಿ ಹಸಿರು ತಂತಿ ಒಂದೇ ಇರುತ್ತದೆ. 16ನೇ ಪಿನ್. ಅದನ್ನು ಯಾವುದಾದರೂ ಕಪ್ಪು ತಂತಿಗೆ ಸೇರಿಸಿದರೆ ಎಸ್‌ಎಂಪಿಎಸ್ ಏಳುತ್ತದೆ. ಸುಮ್ನೆ ತಂತಿ ತುರುಕಬೇಡಿ. ನಡುವೆ ಒಂದು ಒಳ್ಳೆ ಸ್ವಿಚ್ ಹಾಕಿ. ಪ್ಲಗ್ ಕಿತ್ತಿಟ್ಟೇ ಕೆಲಸ ಮಾಡಿ. ಕೆಲವು ಹೊಸ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲಾ ತಂತಿಯೂ ಕಪ್ಪೇ, ಅಂಥದ್ದಾದರೆ ಬಣ್ಣ ನಂಬಬೇಡಿ, ಪಿನ್ ಎಣಿಸಿ. ಎಸ್‌ಎಂಪಿಎಸ್ ಡಬ್ಬ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಜೋರಾಗಿ ಹೊಡೆಯುತ್ತದೆ.

ಕೆಲವು ಹಳೇ ಎಸ್‌ಎಂಪಿಎಸ್‌ಗಳು ಲೋಡ್, ಅಂದರೆ ಅದರಿಂದ ಎಳೆಯುವ ಕರೆಂಟ್, ತೀರಾ ಕಡಿಮೆ ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾದರೆ ಹಳೇ ಹಾರ್ಡ್‌ಡಿಸ್ಕ್ ತಿರುಗುವಂತಿದ್ದರೆ ಅದಕ್ಕೂ ಪವರ್ ಕೊಟ್ಟಿಡಿ.

ಕುವೆಂಪುನಗರ

ಒಂದು ಮಾತು ಸೇರಿಸುತ್ತೇನೆ. ಸೀಡಿಗಳಲ್ಲಿ ಯಾವುದಾದರೂ ಎಂಪಿ3 ಬರೆದದ್ದು ಇದ್ದರೆ ಹೀಗೆ ಹಾಡುವುದಿಲ್ಲ. ಅದು ಕುಗ್ಗಿಸಿಟ್ಟ ಫೈಲ್, ಆ ಡ್ರೈವಿಗೆ ಬಿಡಿಸಲು ಬರುವುದಿಲ್ಲ. ಅದನ್ನು ಆಡಿಯೋ ಸೀಡಿಯಾಗಿ ಮತ್ತೆ ಬರೆಯಬೇಕು.

ಗುತ್ತಲು ರಸ್ತೆ, ಮಂಡ್ಯ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಕಂಪ್ಯೂಟರಿನ ಡ್ರೈವಿಗೆ ಎಜೆಕ್ಟ್ ಗುಂಡಿ ಒಂದೇ ಇತ್ತು. ಸೈಬರ್ ಸೆಂಟರ್ ಸ್ನೇಹಿತನ ಮನೆಯ ಅಟ್ಟ ಹತ್ತಿದೆವು. ಅಲ್ಲಿ ಐದು ಡ್ರೈವ್ ಸಿಕ್ಕಿದವು. ಎರಡರ ಮುಖದಲ್ಲಿ ಮಾತ್ರ ಪ್ಲೇ ಗುಂಡಿ. ಒಂದರ ಟ್ರೇ ಈಚೆಗೆ ಬರಲೇ ಇಲ್ಲ. ಇನ್ನೊಂದರ ಬಿಳಿ ಮುಖ ಹಳದಿಯಾಗಿತ್ತು, ಅಂಚಿನಲ್ಲಿ ಜೇಡರ ಬಲೆ. ಬ್ರಷ್ಷಿನಲ್ಲಿ ಒರೆಸಿ ತಂದೆ.

ಭಾನುವಾರ ಬೆಳಿಗ್ಗೆ ಅಣ್ಣ ಹೇಳಿದ ಹಾಗೇ ಹಸಿರು ತಂತಿಗೆ ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಡ್ರೈವಿನ ದೀಪ ಹತ್ತಿ ಆರಿತು. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೀಡಿ ಅವರೇ ಇಟ್ಟರು. ಪ್ಲೇ ಗುಂಡಿ ಅಕ್ಕಿಕಾಳಿನಷ್ಟು ಸಣ್ಣದು, ಅವರ ಬೆರಳು ಎರಡು ಸಲ ಜಾರಿತು. ಮೂರನೇ ಸಲಕ್ಕೆ ಒತ್ತಿತು. ಸೀಡಿ ಸುಯ್ ಅಂತ ತಿರುಗಿ, ತಂಬೂರಿ ಶ್ರುತಿ ಬಂತು. ಸೀಡಿ ಇಟ್ಟಲ್ಲಿಂದ ಎಣಿಸಿದರೂ ಅರ್ಧ ನಿಮಿಷ ಆಗಿರಲಿಲ್ಲ.

ಅಪ್ಪ ಏನೂ ಹೇಳಲಿಲ್ಲ. ಕವರ್ ಕೈಯಲ್ಲಿ ಹಿಡಿದುಕೊಂಡು ಕೊನೆಯವರೆಗೂ ಕೇಳಿದರು. ಅಮ್ಮ ತಿಂಡಿಗೆ ಕರೆದರೆ ಕೈಸನ್ನೆಯಲ್ಲೇ ತಡಿ ಅಂದರು.

ಆಮೇಲೆ ಪ್ಲೇ ಗುಂಡಿಯ ಮೇಲೆ ಒಂದು ಷರ್ಟಿನ ಗುಂಡಿ ಅಂಟಿಸಿದ್ದೇನೆ, ಈಗ ಬೆರಳು ಜಾರುವುದಿಲ್ಲ. ಹಾಡುವಾಗ ಅದನ್ನೇ ಮತ್ತೆ ಒತ್ತಿದರೆ ಮುಂದಿನ ಹಾಡಿಗೆ ಹೋಗುತ್ತದೆ. ಎಜೆಕ್ಟ್ ಒಮ್ಮೆ ಒತ್ತಿದರೆ ನಿಲ್ಲುತ್ತದೆ. ಹಿಂದಿನ ಹಾಡಿಗೆ ಹೋಗಲು ಬರುವುದಿಲ್ಲ, ಅದೊಂದೇ ಕೊರತೆ. ಕುವೆಂಪುನಗರದವರು ಹೇಳಿದ ಹಾಗೇ ಮೂರು ಸೀಡಿ ಹಾಡಲಿಲ್ಲ, ಎಂಪಿ3. ಅವನ್ನು ಆಫೀಸಿನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಬರೆಸುತ್ತಿದ್ದೇನೆ. ಒಂದು ಎಂಪಿ3 ಸೀಡಿಗೆ ಏಳೆಂಟು ಆಡಿಯೋ ಸೀಡಿ ಬೇಕಾಗುತ್ತಿದೆ. ಹೊಸ ಕವರ್‌ಗಳಿಗೆ ಅಪ್ಪ ಈಗಲೇ ಗೆರೆ ಹಾಕಿಟ್ಟುಕೊಂಡಿದ್ದಾರೆ.

ಒಂಟಿಕೊಪ್ಪಲು ಅಣ್ಣ, ಮಂಡ್ಯ ಕಡೆ ಬಂದರೆ ಮನೆಗೆ ಬರಲೇಬೇಕು, ಅಪ್ಪ ಹೇಳಿ ಬರೆಸಿದ್ದಾರೆ. ಇನ್ನೊಂದು ಸಹಾಯ. ಈ ಡ್ರೈವ್ ಎಷ್ಟು ದಿನ ಬರುತ್ತದೋ ಅಂತ ಭಯ ಇದೆ. ಮೈಸೂರು, ಮಂಡ್ಯ ಕಡೆ ಯಾರ ಅಟ್ಟದಲ್ಲಾದರೂ ಮುಂದೆ ಎರಡು ಗುಂಡಿ, ಹೆಡ್‌ಫೋನ್ ತೂತು ಇರುವ ಡ್ರೈವ್ ಇದ್ದರೆ ಇಲ್ಲೇ ತಿಳಿಸಿ. ನಾನೇ ಬಂದು ತಗೊಂಡು ಹೋಗುತ್ತೇನೆ.