ಪುಟ್ಟಿಯ ಕಂಡಿಷನರ್ ಪ್ರಶ್ನೆಗೆ

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಆಗ ಒಲೆ ಮೇಲೆ ಸಾರು ಕುದಿಯುತ್ತಿತ್ತು, ಈಗ ಪುರುಸೊತ್ತಾಯಿತು. ಅಗಸೆ ಬೀಜದ ಲೋಳೆಗೆ ಲೋಳೆಸರ, ಕೊಬ್ಬರಿ ಎಣ್ಣೆ, ಎರಡು ವಿಟಮಿನ್ ಇ ಕ್ಯಾಪ್ಸೂಲ್ ಹಾಕಿ ಒಂದು ತಿಂಗಳಿಗಾಗುವಷ್ಟು ಮಾಡಿಡಬಹುದಾ ಎಂದು ಕೇಳಿದ್ದೀಯ. ಮಾಡು, ಆದರೆ ತಿಂಗಳಿಗೆ ಬೇಡ. ಇವತ್ತು ಮಾಡಿದ್ದನ್ನು ಇವತ್ತೇ ಹಚ್ಚಿ ತೊಳೆದುಬಿಡು.

ಹೋದ ಮಳೆಗಾಲದಲ್ಲಿ ನಾನೂ ಇದನ್ನೇ ಮಾಡಿದ್ದೆ. ಹಳೆ ಶ್ಯಾಂಪೂ ಬಾಟಲಿಗೆ ತುಂಬಿಸಿ ಬಚ್ಚಲುಮನೆ ಕಿಟಕಿಯಲ್ಲಿಟ್ಟೆ. ಐದನೇ ದಿನ ಮುಚ್ಚಳ ತೆಗೆದರೆ ಹುಳಿ ಹಿಟ್ಟಿನ ವಾಸನೆ. ಅಂಗೈಗೆ ಸುರಿದರೆ ನೀರು ಬೇರೆ, ಎಣ್ಣೆ ಬೇರೆ. ಬಾಟಲಿ ಕತ್ತಿನೊಳಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿಗಳು. ನಿಮ್ಮ ಚಿಕ್ಕಪ್ಪ "ದೋಸೆ ಯಾವಾಗ ಹುಯ್ಯೋದು?" ಎಂದು ಕೇಳಿದರು. ವಿಟಮಿನ್ ಇ ಎಣ್ಣೆ ಕಮಟು ಆಗೋದನ್ನು ತಡೆಯುತ್ತದೆ ಅಷ್ಟೇ. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಅದರ ಲೆಕ್ಕವೇ ಇಲ್ಲ.

ಬಾಟಲಿಯಲ್ಲಿ ಇಡೋ ಕಂಡಿಷನರ್ ಬೇಕಿದ್ದರೆ ಬಿಟಿಎಂಎಸ್-50 ತರಿಸು, ಎಣ್ಣೆ ನೀರು ಬೆರೆಸಿ ಕೂದಲನ್ನೂ ನುಣುಪು ಮಾಡೋ ಮೇಣ ಅದು. ಬಿಳಿ ಚಿಕ್ಕ ಹರಳುಗಳ ಹಾಗಿರುತ್ತದೆ, ಸೋಪು ಕ್ರೀಮು ಮಾಡೋ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಒದ್ದೆ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ, ಇದರದ್ದು ಧನ. ಅದಕ್ಕೇ ಕೂದಲಿಗೆ ಅಂಟಿಕೊಳ್ಳುತ್ತದೆ, ತೊಳೆದ ಮೇಲೂ ತೆಳ್ಳಗೆ ಒಂದು ಪದರ ಉಳಿದು ಸಿಕ್ಕು ಸಲೀಸಾಗಿ ಬಿಡುತ್ತದೆ. ಪೂರ್ತಿ ಹೆಸರು ಬಿಹೆಂಟ್ರೈಮೋನಿಯಂ ಮೀಥೋಸಲ್ಫೇಟ್ ಅಂತ ಇದೆ ಎಂದು ಹೆದರಬೇಡ, ಶ್ಯಾಂಪೂವಿನ ಸಲ್ಫೇಟಿಗೂ ಇದಕ್ಕೂ ಸಂಬಂಧ ಇಲ್ಲ. ಅದರ ಬದಲು ಎಣ್ಣೆ ನೀರು ಬೆರೆಸೋದಕ್ಕಷ್ಟೇ ಆಗುವ ಎಮಲ್ಸಿಫೈಯಿಂಗ್ ವ್ಯಾಕ್ಸ್ ತಂದೆಯೋ, ನೋಡೋಕೆ ಚೆಂದದ ಕ್ರೀಮ್ ಆಗುತ್ತದೆ, ಕೂದಲು ಮಾತ್ರ ಹಾಗೇ ಇರುತ್ತದೆ. ನಾನು ಒಂದು ಪೊಟ್ಟಣ ದಂಡ ಮಾಡಿದ್ದೇನೆ.

100 ಗ್ರಾಂಗೆ ನನ್ನ ಅಳತೆ ಬರೆದುಕೋ. ಡಿಸ್ಟಿಲ್ಡ್ ವಾಟರ್ 90, ಗ್ಲಿಸರಿನ್ 2, ಬಿಟಿಎಂಎಸ್ 4, ಸೀಟೈಲ್ ಆಲ್ಕೋಹಾಲ್ 2, ಕೊಬ್ಬರಿ ಎಣ್ಣೆ 1, ಕೆಡದ ಹಾಗೆ ಕಾಯುವ, ಫಿನಾಕ್ಸಿಎಥನಾಲ್ ಇರುವ ಪ್ರಿಸರ್ವೇಟಿವ್ 1. ಈ ಆಲ್ಕೋಹಾಲ್ ಕೂದಲು ಒಣಗಿಸುವಂಥದ್ದಲ್ಲ, ಮೇಣದ ಥರ ಇರುತ್ತದೆ. ಎಲ್ಲಾ ತೂಕದಲ್ಲೇ, ಚಮಚದ ಲೆಕ್ಕ ಬೇಡ. ಒಂದು ಸ್ಟೀಲ್ ಲೋಟದಲ್ಲಿ ನೀರು, ಗ್ಲಿಸರಿನ್. ಇನ್ನೊಂದರಲ್ಲಿ ಬಿಟಿಎಂಎಸ್, ಸೀಟೈಲ್, ಎಣ್ಣೆ. ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು 75 ಡಿಗ್ರಿಗೆ ತಾ. ಹರಳು ಪೂರ್ತಿ ಕರಗಬೇಕು. ಆಮೇಲೆ ಸೇರಿಸಿ ಕಲಕುತ್ತಾ ಇರು. ಮೊದಲು ಹಾಲಿನ ಥರ ನೀರಾಗಿರುತ್ತದೆ, ಕೆಟ್ಟುಹೋಯಿತು ಅಂದುಕೊಂಡು ಚೆಲ್ಲಬೇಡ. ಆರುತ್ತಾ ಆರುತ್ತಾ ಗಟ್ಟಿ ಮೊಸರಿನ ಹದಕ್ಕೆ ಬರುತ್ತದೆ. 40 ಡಿಗ್ರಿಗೆ ಇಳಿದ ಮೇಲೆ ಪ್ರಿಸರ್ವೇಟಿವ್. ಕೊನೆಗೆ ಹುಳಿ ಎಷ್ಟಿದೆ ಎಂದು ತೋರಿಸೋ ಪಿಎಚ್ ಪಟ್ಟಿ ಅದ್ದಿ ನೋಡು, 4ರಿಂದ 5ರೊಳಗೆ ಇರಬೇಕು. ಜಾಸ್ತಿ ಇದ್ದರೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಚಿಟಿಕೆಯಷ್ಟನ್ನು ನೀರಲ್ಲಿ ಕರಗಿಸಿ ಹನಿ ಹನಿಯಾಗಿ ಹಾಕು. ನಿಂಬೆ ರಸ ಹಿಂಡಬೇಡ, ಹಣ್ಣಿಂದ ಹಣ್ಣಿಗೆ ಹುಳಿ ಬೇರೆ ಬೇರೆ.

ನಿನ್ನದು ಗುಂಗುರು ಕೂದಲು, ಎಣ್ಣೆ 2 ಮಾಡಿ ನೀರು 89 ಮಾಡಿಕೋ. ನಿಮ್ಮಮ್ಮನ ತೆಳು ಕೂದಲಿಗೆ ಎಣ್ಣೆಯೇ ಬೇಡ, ಜೋತುಬೀಳುತ್ತದೆ. ಲೋಳೆಸರದ ರಸ, ದಾಸವಾಳದ ಲೋಳೆ ಇದಕ್ಕೆ ಬೆರೆಸಬೇಡ. ತಾಜಾ ಸೊಪ್ಪಿನ ರಸ ಬಿದ್ದರೆ ಒಂದು ಗ್ರಾಂ ಪ್ರಿಸರ್ವೇಟಿವ್ ತಡೆದುಕೊಳ್ಳುವುದಿಲ್ಲ.

ಹಾಂ, ಇನ್ನೊಂದು. ನಿಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರು ಅಲ್ವಾ? ಗಡಸು ನೀರಲ್ಲಿ ಕೂದಲು ಒರಟಾಗುತ್ತದೆ. ನಮ್ಮಲ್ಲಿ ಕಾವೇರಿ ನೀರು ಬರುವ ದಿನಕ್ಕೂ ಬೋರ್‌ವೆಲ್ ನೀರಿನ ದಿನಕ್ಕೂ ಬಾಚಣಿಗೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಕೊನೆಯ ಒಂದು ಚೊಂಬು ಕುಡಿಯುವ ಫಿಲ್ಟರ್ ನೀರು ಹಾಕಿಕೋ.

ಅಕ್ಕಾ, ನೀನು ನಗಬೇಡ. ನಿನ್ನ ದಾಸವಾಳದ ಸೊಪ್ಪನ್ನು ನಾನೇನೂ ಬೈದಿಲ್ಲ, ಕಿವುಚಿದ ದಿನವೇ ಹಚ್ಚಿಕೊಂಡರೆ ಅದರಷ್ಟು ನುಣುಪು ಇನ್ನೊಂದಿಲ್ಲ. ಭಾನುವಾರ ಪುಟ್ಟಿ ಬರುವಾಗ ಒಂದು ಹಿಡಿ ಕಳಿಸು. ಪುಟ್ಟಿ, ತಕ್ಕಡಿ, ಥರ್ಮಾಮೀಟರ್ ನನ್ನ ಹತ್ತಿರ ಇದೆ, ನೀನು ತರಬೇಡ. ಖಾಲಿ ಬಾಟಲಿ ಮಾತ್ರ ತಾ, ಹೊಸದು.