ಮಗು ಮಾತಾಡ್ತಿಲ್ಲ, ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾ?

ಪೋಸ್ಟ್ ಹಾಕಿದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗನಿಗೆ 22 ತಿಂಗಳು. ಅಮ್ಮ, ಬಾಲ್, ನೋ, ಟಾಟಾ, ಇಷ್ಟೇ ಹೇಳೋದು. ನಾವು ಹೇಳಿದ್ದು ಅರ್ಥವಾಗುತ್ತದೆ, ಶೂ ತಗೊಂಡು ಬಾ ಅಂದರೆ ತರುತ್ತಾನೆ. ಡೇಕೇರ್‌ನವರು ಎರಡು ಭಾಷೆಯಿಂದ ಅವನಿಗೆ ಗೊಂದಲ ಆಗಿದೆ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂದರು. ನಿನ್ನೆಯಿಂದ ನಿದ್ದೆ ಇಲ್ಲ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅವನ ಜೊತೆ ಸಿಗೋದೇ ಸಂಜೆ ಎರಡು ಗಂಟೆ. ಏನು ಮಾಡಲಿ?

ಇಬ್ಬರು ಹೆಣ್ಣುಮಕ್ಕಳ ಅಪ್ಪ:
ನಮ್ಮ ದೊಡ್ಡವಳು ಮೂರು ವರ್ಷದವರೆಗೆ ತುಟಿ ಬಿಚ್ಚಿರಲಿಲ್ಲ. ಈಗ ಚರ್ಚಾಸ್ಪರ್ಧೆಯಲ್ಲಿ ಅವಳದೇ ಮೊದಲ ಬಹುಮಾನ. ಸುಮ್ನೆ ಟೆನ್ಷನ್ ಮಾಡ್ಕೋಬೇಡಿ ಮೇಡಂ.

ಸ್ಪೀಚ್ ಥೆರಪಿ ಕೆಲಸದಲ್ಲಿರುವವರು:
ತಾನಾಗಿ ಬರುತ್ತದೆ ಅಂತ ಕೂರಬೇಡಿ, ಹೆದರಲೂ ಬೇಡಿ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯದನ್ನು ಸೇರಿಸಿ ಎಣಿಸಿ. 2 ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮಕ್ಕಳು "ಅಮ್ಮ ಬಾ" ಥರ ಎರಡು ಪದ ಜೋಡಿಸುತ್ತಾರೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ನೆಗಡಿಯಾದ ಮೇಲೆ ಕಿವಿಯೊಳಗೆ ನೀರು ನಿಂತರೆ ಮಾತು ಮಂಕಾಗಿ ಕೇಳಿಸುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹೇಳುತ್ತಿದ್ದ ಪದಗಳನ್ನು ಮಗು ಬಿಟ್ಟುಬಿಟ್ಟರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಎರಡು ಗಂಟೆ ಕಡಿಮೆಯೇನಲ್ಲ. ಶೂ ಬಿಚ್ಚುವಾಗ, ಸ್ನಾನ ಮಾಡಿಸುವಾಗ, ಬಟ್ಟೆ ಮಡಚುವಾಗ ಮಾಡುತ್ತಿರುವುದನ್ನೇ ಹೇಳಿ. ಅವನು "ಬಾಲ್" ಅಂದರೆ ನೀವು "ಹೌದು, ಕೆಂಪು ಬಾಲ್, ಉರುಳಿತು" ಅನ್ನಿ. ಆಮೇಲೆ ಐದಾರು ಸೆಕೆಂಡ್ ಸುಮ್ಮನೆ ಅವನ ಮುಖ ನೋಡಿ. ಕಷ್ಟ ಇರುವುದು ಇಲ್ಲೇ, ನಮಗೆ ಆ ಮೌನ ತಡೆಯೋಕೆ ಆಗಲ್ಲ, ನಾವೇ ಉತ್ತರ ಹೇಳಿಬಿಡುತ್ತೇವೆ. ಅವನು ಬೆರಳು ತೋರಿಸಿದರೂ ಅದು ಮಾತೇ. "ಇದೇನು, ಅದೇನು, ಹೇಳು ಹೇಳು" ಅಂತ ಪರೀಕ್ಷೆ ಮಾಡಬೇಡಿ.

ಗುಂಪಿನ ಹಿರಿಯರು:
ನಮ್ಮ ಮನೆಯಲ್ಲಿ ಯಾವ ಭಾಷೆ ಅಂತ ಡೇಕೇರ್‌ನವರು ಹೇಳಬೇಕಾ? 25 ವರ್ಷದಿಂದ ಈ ಗುಂಪಿನಲ್ಲಿ ಒಂದೇ ಮಾತು ಹೇಳುತ್ತಿದ್ದೇನೆ. ಹೊಸ್ತಿಲು ದಾಟಿದ ಮೇಲೆ ಒಂದೇ ಒಂದು ಇಂಗ್ಲಿಷ್ ಪದ ಇರಬಾರದು! ನಮ್ಮನೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರವೇ ಇರಲಿಲ್ಲ. ನೀವೆಲ್ಲ ಮಕ್ಕಳಿಗೆ ಹೆದರುತ್ತೀರಿ, ಅದೇ ರೋಗ.

ದೊಡ್ಡ ಮಗನ ಅಮ್ಮ:
ಸರ್, ಉತ್ತರ ಕೊಡದಿದ್ದರೆ ಮಗು ಕನ್ನಡ ಕಲಿಯಲ್ಲ, ಹತ್ತಿರ ಬರುವುದನ್ನೇ ಬಿಡುತ್ತದೆ. ನಾನೂ ಹಾಗೇ ಬೆಳೆಸಿದೆ. ಈಗ ಮಗ ಫೋನಿನಲ್ಲಿ "ಚೆನ್ನಾಗಿದ್ದೀನಿ ಅಮ್ಮ" ಅನ್ನುತ್ತಾನೆ. ಅದಕ್ಕಿಂತ ಜಾಸ್ತಿ ಹೇಳೋಕೆ ಅವನ ಹತ್ತಿರ ಕನ್ನಡ ಇಲ್ಲ, ಇಂಗ್ಲಿಷಿನಲ್ಲಿ ಹೇಳು ಅನ್ನೋಕೆ ನನಗೆ ಬಾಯಿ ಬರಲ್ಲ.

ಗುಂಪಿನ ಹಿರಿಯರು:
ಅದು ನಿಮ್ಮ ಮನೆ ಕಥೆ. ನನ್ನ ಮಕ್ಕಳು ಕನ್ನಡ ಪೇಪರ್ ಓದುತ್ತಾರೆ.

ಹೊಸ ಸದಸ್ಯ:
ಕನ್ನಡ ಕಾರ್ಟೂನ್ ಹಾಕಿಬಿಡಿ, ಭಾಷೆಯೂ ಬರುತ್ತದೆ, ನಿಮಗೂ ಕೆಲಸಕ್ಕೆ ಸ್ವಲ್ಪ ಬಿಡುವು.

ಅವಳಿ ಮಕ್ಕಳ ಅಪ್ಪ:
ಹಾಗೆ ಬರಲ್ಲ. 2003ರಲ್ಲಿ ಮಕ್ಕಳ ಭಾಷೆ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಅವರ ತಂಡ ಅಮೆರಿಕದ 9 ತಿಂಗಳ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿತ್ತು. ಎದುರಿಗೆ ಕೂತು ಮ್ಯಾಂಡರಿನ್ (ಚೀನಾದ ಭಾಷೆ) ಮಾತಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಹಿಡಿದರು. ವಿಡಿಯೋದಿಂದ ಏನೂ ಹಿಡಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಒಂದು ವರ್ಷದ ಮಕ್ಕಳಿಗೆ ಪರದೆ ಬೇಡ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ. ಇದನ್ನು ಬರೆಯುವಾಗ ನನ್ನ ಇಬ್ಬರೂ ಟ್ಯಾಬ್ ನೋಡುತ್ತಿದ್ದಾರೆ, ಅದು ಬೇರೆ ವಿಷಯ.

ಗುಂಪಿನ ಹಿರಿಯರು:
ಪ್ರಯೋಗ ಗಿಯೋಗ ಬಿಡಿ. ನಿಯಮ ಇಲ್ಲದ ಮನೆಯಲ್ಲಿ ಭಾಷೆ ಉಳಿಯಲ್ಲ. ಬೇಕಾದರೆ ನನ್ನ ಹಳೆಯ ಪೋಸ್ಟ್ ಮತ್ತೆ ಹಾಕುತ್ತೇನೆ.

ಪೋಸ್ಟ್ ಹಾಕಿದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಕಿವಿ ಪರೀಕ್ಷೆ ಬಗ್ಗೆ ಯಾರೋ ಬರೆದಿದ್ದರು ಅಲ್ವಾ? ಬೆಳಿಗ್ಗೆ ಓದಿದ್ದೆ, ಈಗ ಹುಡುಕಿದರೆ ಸಿಗುತ್ತಿಲ್ಲ. ಅವನಿಗೆ ನೆಗಡಿ ಪದೇ ಪದೇ ಆಗುತ್ತದೆ.